ಡಬ್ಬಿಯ ಮೇಲೆ ತಾರೀಖು ಬರೆದ ಮೇಲೆ

ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ಸಂಜೆ ಖಜಾನೆ ಮುಚ್ಚುವಾಗ ಹತ್ತು ರೂಪಾಯಿ ತಾಳೆಯಾಗದಿದ್ದರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಇಂಥ ನನಗೆ, ಮದುವೆಯಾಗಿ ಹದಿನೆಂಟು ವರ್ಷವಾದರೂ, ನಮ್ಮ ಮನೆಯ ಅಡುಗೆಮನೆಗೆ ತಿಂಗಳಿಗೆ ಎಷ್ಟು ಹಣ ಹೋಗುತ್ತದೆ ಎಂಬುದು ಗೊತ್ತಿರಲಿಲ್ಲ. 2024ರ ಮಾರ್ಚ್ ಕೊನೆಗೆ, ಮಗಳ ಶಾಲೆಯ ಶುಲ್ಕ ಹೊಂದಿಸಲು ಕಾಗದ ಹಿಡಿದು ಕೂತಾಗ ನಮ್ಮವರು ಕೇಳಿದರು, "ಸಾಮಾನಿಗೆ ಎಷ್ಟು ಬರೆದುಕೊಳ್ಳಲಿ?" ನಾನು ತಡವರಿಸದೆ "ಹನ್ನೊಂದು ಸಾವಿರ" ಎಂದೆ. ಆ ಹನ್ನೊಂದು ಸಾವಿರ ಎಲ್ಲಿಂದ ಬಂತೋ ನನಗೇ ತಿಳಿಯದು. ಬಹುಶಃ ಐದಾರು ವರ್ಷದ ಹಿಂದೆ ಅಷ್ಟಾಗುತ್ತಿತ್ತು, ಅದೇ ನಾಲಿಗೆಯಲ್ಲಿ ಉಳಿದಿತ್ತು.

ಮೈಸೂರಿನಲ್ಲಿ ನಮ್ಮದು ಐದು ಜನರ ಮನೆ: ಅತ್ತೆ, ನಾವಿಬ್ಬರು, ಆಗ ಪಿಯುಸಿ ಓದುತ್ತಿದ್ದ ಮಗ, ಏಳನೆಯ ತರಗತಿಯ ಮಗಳು. ಬೆಳಿಗ್ಗೆ ತಿಂಡಿ, ಮಧ್ಯಾಹ್ನಕ್ಕೆ ನಾಲ್ಕು ಬುತ್ತಿ, ರಾತ್ರಿ ಮುದ್ದೆ ಅಥವಾ ಅನ್ನ, ಭಾನುವಾರ ಬಾಡು. ರಾಗಿ ಊರಿನಿಂದ ಬರುತ್ತದೆ. ಬೇರೆಲ್ಲವನ್ನೂ ಕೊಂಡುಕೊಳ್ಳಬೇಕು.

ಏಪ್ರಿಲ್ ಒಂದರಿಂದ ಬರೆಯಲು ತೊಡಗಿದೆ. ಸಂಘದಲ್ಲಿ ಹಳೆಯ ದಿನವಹಿ ಪುಸ್ತಕವೊಂದು ಖಾಲಿ ಉಳಿದಿತ್ತು, ಅದನ್ನೇ ತಂದೆ. ಅಡುಗೆಮನೆಯ ಗೂಡಿನಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟು, ಯಾರು ಏನು ತಂದರೂ ಬಿಲ್ಲನ್ನು ಅದಕ್ಕೆ ಹಾಕಬೇಕು, ಬಿಲ್ಲಿಲ್ಲದಿದ್ದರೆ ಹರಿದ ಕಾಗದದ ಮೇಲಾದರೂ ಬರೆದು ಹಾಕಬೇಕು ಎಂದೆ. ಮೊಬೈಲಿನಿಂದ ಕೊಟ್ಟ ಹಣದ ಪಟ್ಟಿ ಮೊಬೈಲಿನಲ್ಲೇ ಇರುತ್ತದೆ, ಅದನ್ನು ರಾತ್ರಿ ಕೂತು ಇಳಿಸಿಕೊಳ್ಳುತ್ತಿದ್ದೆ. ಆ ತಿಂಗಳು ಏನನ್ನೂ ಉಳಿಸಲು ಹೋಗಲಿಲ್ಲ, ಏನನ್ನೂ ನಿಲ್ಲಿಸಲಿಲ್ಲ. ಇದು ನಾನು ಮಾಡಿದ ಕೆಲವೇ ಬುದ್ಧಿವಂತಿಕೆಯ ಕೆಲಸಗಳಲ್ಲಿ ಒಂದು. ಮೊದಲ ತಿಂಗಳೇ ಬಿಗಿ ಹಿಡಿದಿದ್ದರೆ ಮನೆಯವರು ಬಿಲ್ಲು ಬಚ್ಚಿಡುತ್ತಿದ್ದರು.

ತಿಂಗಳ ಕೊನೆಗೆ ಬಂದ ಮೊತ್ತ 17,640 ರೂಪಾಯಿ.

ಎರಡು ಸಲ ಕೂಡಿದೆ. ತಪ್ಪಿರಲಿಲ್ಲ. ಆದರೆ ನನ್ನನ್ನು ಬೆಚ್ಚಿಬೀಳಿಸಿದ್ದು ಒಟ್ಟು ಮೊತ್ತಕ್ಕಿಂತ ಅದು ಹಂಚಿಹೋದ ರೀತಿ. ನಾವು "ಸಾಮಾನು" ಎಂದು ಕರೆಯುವ, ತಿಂಗಳ ಮೊದಲ ವಾರ ದಿನಸಿ ಅಂಗಡಿಯಿಂದ ಚೀಟಿ ಕೊಟ್ಟು ತರಿಸುವ ಅಕ್ಕಿ ಬೇಳೆ ಎಣ್ಣೆ ಸಕ್ಕರೆ ಸೋಪು ಎಲ್ಲ ಸೇರಿ ಆಗಿದ್ದದ್ದು 6,210 ಮಾತ್ರ. ಉಳಿದ 11,430 ಚಿಲ್ಲರೆಯಾಗಿ ಹರಿದುಹೋಗಿತ್ತು. ಹಾಲು ಮೊಸರು 2,420. ತರಕಾರಿ ಹಣ್ಣು 3,860. ಮೊಟ್ಟೆ ಮಾಂಸ 1,780. ಇನ್ನು 3,370 ರೂಪಾಯಿಗೆ ನಾನು ಶೀರ್ಷಿಕೆಯನ್ನೇ ಕೊಡಲಾಗದೆ "ಇತರೆ" ಎಂದು ಬರೆದೆ: ಬೇಕರಿಯ ಬನ್ನು, ಖಾರ, ಬಿಸ್ಕತ್ತು, ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತಂದುಕೊಡುವವರಿಂದ ತರಿಸಿದ ನೂಡಲ್ಸು, ತಂಪು ಪಾನೀಯ, ಐಸ್‌ಕ್ರೀಮು. ಕೇಂದ್ರ ಸರ್ಕಾರ 2023–24ರಲ್ಲಿ ನಡೆಸಿದ ಮನೆವಾರು ಖರ್ಚಿನ ಸಮೀಕ್ಷೆಯ ಸುದ್ದಿಯನ್ನು ಮುಂದೆ ಓದಿದೆ. ಆಹಾರದ ಖರ್ಚಿನೊಳಗೆ ಪಾನೀಯ ಮತ್ತು ಸಿದ್ಧ ತಿನಿಸುಗಳ ಪಾಲೇ ಎಲ್ಲಕ್ಕಿಂತ ದೊಡ್ಡದು ಎಂದಿತ್ತು ಅದರಲ್ಲಿ. ನಮ್ಮ ಮನೆಯ ಪುಸ್ತಕವನ್ನು ನೋಡಿಯೇ ಬರೆದಂತಿತ್ತು.

ನಾನು ಯಾವತ್ತೂ ಚೌಕಾಸಿ ಮಾಡುತ್ತಿದ್ದದ್ದು ದಿನಸಿ ಅಂಗಡಿಯ ಚೀಟಿಯಲ್ಲಿ. ಬೇಳೆ ಎರಡು ರೂಪಾಯಿ ಹೆಚ್ಚಾಯಿತೆಂದು ಅಂಗಡಿಯವರ ಜೊತೆ ಜಗಳ ಕಾದು, ಬರುವ ದಾರಿಯಲ್ಲಿ ಮಗಳಿಗೆ ಅರವತ್ತು ರೂಪಾಯಿಯ ಪಫ್ಸು ಕಟ್ಟಿಸಿಕೊಂಡು ಬರುತ್ತಿದ್ದೆ.

ಮೇ ತಿಂಗಳಿಗೆ 13,000 ಎಂದು ನಿಗದಿ ಮಾಡಿದೆ. ರಜೆ, ಮಾವಿನಹಣ್ಣು, ಊರಿನಿಂದ ಬಂದ ನಾದಿನಿಯ ಮಕ್ಕಳು. ಇಪ್ಪತ್ತೆರಡನೆಯ ತಾರೀಖಿಗೆ ಹಣ ಮುಗಿಯಿತು. ಜೂನ್‌ನಲ್ಲೂ ಹಾಗೆಯೇ. ಜುಲೈನಲ್ಲಿ ಹಟ ಹಿಡಿದು 12,000ಕ್ಕೆ ಇಳಿಸಿದೆ. ಲಕೋಟೆಗಳಲ್ಲಿ ನಗದು ಹಾಕಿ ಹಾಲು, ತರಕಾರಿ, ಬಾಡು ಎಂದು ಬರೆದೆ, ಬೇಕರಿಯನ್ನು ಪೂರ್ತಿ ನಿಲ್ಲಿಸಿದೆ, ಹಣ್ಣೆಂದರೆ ಬಾಳೆಹಣ್ಣು ಮಾತ್ರ ಎಂದೆ. ತಿಂಗಳ ಕೊನೆಗೆ 11,860. ಗೆದ್ದೆನೆಂದು ಬೀಗಿದೆ. ಆಗಸ್ಟ್ ಮೊದಲ ವಾರ ನಮ್ಮವರ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಹೋಟೆಲಿನ ಬಿಲ್ಲು ಸಿಕ್ಕಿತು. ಕೇಳಿದರೆ, "ಸಂಜೆ ಮನೆಗೆ ಬಂದರೆ ಬಾಯಿಗೆ ಹಾಕಿಕೊಳ್ಳಲು ಏನೂ ಇರುವುದಿಲ್ಲವಲ್ಲ" ಎಂದರು. ಮಗ ಕಾಲೇಜಿನ ಕ್ಯಾಂಟೀನಿನಲ್ಲಿ, ಬಸ್ಸಿಗೆಂದು ಕೊಟ್ಟ ಹಣದಲ್ಲಿ, ಅದನ್ನೇ ಮಾಡುತ್ತಿದ್ದ. ಇಬ್ಬರನ್ನೂ ಕೂರಿಸಿಕೊಂಡು ಕೂಡಿದರೆ 2,900 ರೂಪಾಯಿ ಹೊರಗಿನ ತಿಂಡಿಗೆ ಹೋಗಿತ್ತು. ಒಟ್ಟು 14,760. ಸಂಘದಲ್ಲಿ ಯಾರಾದರೂ ಒಂದು ಖಾತೆಯ ಖರ್ಚನ್ನು ಇನ್ನೊಂದಕ್ಕೆ ಹಾಕಿ ಉಳಿತಾಯ ತೋರಿಸಿದ್ದರೆ ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದೆ. ಮನೆಯಲ್ಲಿ ಅದೇ ಕೆಲಸವನ್ನು ನಾನೇ ಮಾಡಿಸಿದ್ದೆ.

ಅದೇ ಹೊತ್ತಿಗೆ ಮಳೆಗಾಲ. ಒಂದು ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಕೊಂಡರೆ ಒಂದು ಉಚಿತ ಎಂದು ಹೊತ್ತು ತಂದಿದ್ದ ನಾಲ್ಕು ಕಿಲೋ ರವೆಯಲ್ಲಿ ಹುಳು ಹಿಡಿದಿತ್ತು. ಅದನ್ನು ಜರಡಿ ಹಿಡಿದು ಜಾಲಿಸುತ್ತಾ ಕೂತ ಅತ್ತೆ ಕೇಳಿದರು, "ಈ ಪೊಟ್ಟಣ ಒಡೆದದ್ದು ಯಾವತ್ತಮ್ಮಾ?" ಗೊತ್ತಿಲ್ಲ ಎಂದೆ. "ಎಣ್ಣೆ ಒಡೆದದ್ದು?" ಅದೂ ಗೊತ್ತಿಲ್ಲ. "ಮತ್ತೆ ಆ ಪುಸ್ತಕದಲ್ಲಿ ದಿನಾ ಏನು ಬರೆಯುತ್ತೀಯೆ?"

ಅತ್ತೆಗೆ ಎಂಬತ್ತರ ಹತ್ತಿರ. ಅವರು ಸಂಸಾರ ಮಾಡಿದ್ದು ಅಂಗಡಿಯಲ್ಲಿ ಬರೆಸಿ ತಂದು ಸಂಬಳದ ದಿನ ತೀರಿಸುವ ಕಾಲದಲ್ಲಿ. ಒಂದು ಸಾಲನ್ನೂ ಬರೆದವರಲ್ಲ. ಆದರೆ ಹೊಸ ಮೂಟೆ ಬಿಚ್ಚಿದ ದಿನ ಅಮಾವಾಸ್ಯೆಗೆ ಎಷ್ಟು ಹಿಂದೆ, ಎಷ್ಟು ಮುಂದೆ ಎಂದು ನೆನಪಿಟ್ಟುಕೊಳ್ಳುತ್ತಿದ್ದರಂತೆ. ಅಕ್ಕಿ ಹುಣ್ಣಿಮೆ ದಾಟಿ ಎಷ್ಟು ದಿನ ಬರಬೇಕು ಎಂಬುದು ಅವರಿಗೆ ತಿಳಿದಿತ್ತು. ಬರದಿದ್ದರೆ ಯಾರೋ ಬಂದಿದ್ದರು, ಅಥವಾ ಅಂಗಡಿಯವನ ತೂಕ ಸರಿಯಿರಲಿಲ್ಲ. ನಾನು ರೂಪಾಯಿ ಎಣಿಸುತ್ತಿದ್ದೆ, ಅವರು ದಿನ ಎಣಿಸುತ್ತಿದ್ದರು. ರೂಪಾಯಿಯ ಲೆಕ್ಕದಲ್ಲಿ ಬೆಲೆ ಏರಿದ್ದಕ್ಕೆ ಹೆಚ್ಚಾಯಿತೋ, ಹೆಚ್ಚು ತಿಂದಿದ್ದಕ್ಕೆ ಹೆಚ್ಚಾಯಿತೋ, ಬೇಡದೆ ತಂದಿಟ್ಟಿದ್ದಕ್ಕೆ ಹೆಚ್ಚಾಯಿತೋ ಗೊತ್ತಾಗುವುದೇ ಇಲ್ಲ. ಮೂರೂ ಒಂದೇ ಮೊತ್ತದೊಳಗೆ ಕರಗಿ ಹೋಗಿರುತ್ತವೆ.

ಮರುದಿನ ಮಗಳ ಪೆಟ್ಟಿಗೆಯಿಂದ ಬಿಳಿ ಅಂಟುಪಟ್ಟಿ ತೆಗೆದು ಪ್ರತಿ ಡಬ್ಬಿಗೂ ಒಂದೊಂದು ತುಂಡು ಹಚ್ಚಿದೆ. ತುಂಬಿದ ತಾರೀಖು, ತುಂಬಿದ ತೂಕ, ಇಷ್ಟೇ ಅದರ ಮೇಲೆ. ಖಾಲಿಯಾದ ದಿನ ಅದನ್ನು ಕಿತ್ತು ಪುಸ್ತಕಕ್ಕೆ ಅಂಟಿಸುವುದು.

ಎರಡು ತಿಂಗಳಲ್ಲಿ ಮನೆಯ ಅಸಲಿ ಹಸಿವು ಅಂಕಿಯಾಗಿ ಕಾಣತೊಡಗಿತು. ನಮ್ಮ ಮನೆಯ ಪಾವಿನಲ್ಲಿ ಒಂದು ಪಾವು ಅಕ್ಕಿ ತೂಗಿದರೆ 235 ಗ್ರಾಂ. ದಿನಕ್ಕೆ ಮೂರು ಪಾವು. 26 ಕಿಲೋ ಚೀಲ 37 ದಿನ ಬರುತ್ತದೆ. ನಾನು ಮಾಡುತ್ತಿದ್ದದ್ದೇನು? ಹಿಂದಿನ ತಿಂಗಳ ಚೀಟಿಯನ್ನೇ ನಕಲು ಮಾಡಿ ಪ್ರತಿ ತಿಂಗಳೂ ಒಂದು ಚೀಲ ತರಿಸುತ್ತಿದ್ದೆ. ವರ್ಷಕ್ಕೆ ಹತ್ತು ಚೀಲ ಸಾಕಾಗುವಲ್ಲಿ ಹನ್ನೆರಡು. ಉಳಿದದ್ದು ಮಂಚದ ಕೆಳಗೆ ಕೂತು ಮುಗ್ಗುತ್ತಿತ್ತು, ಕೊನೆಗೆ ದೋಸೆಗೆ, ಇಲ್ಲವೇ ಕೆಲಸದವಳಿಗೆ. ಕಡಲೆಬೇಳೆಯ ಪಟ್ಟಿ ಮೂರು ತಿಂಗಳಾದರೂ ಕಿತ್ತು ಬರಲಿಲ್ಲ, ಆದರೂ ಚೀಟಿಯಲ್ಲಿ ಪ್ರತಿ ತಿಂಗಳು "ಕಡಲೆಬೇಳೆ 1 ಕೆಜಿ" ಇತ್ತು. ಚೀಟಿ ಎಂಬುದು ಒಮ್ಮೆ ಬರೆದ ಮೇಲೆ ತನ್ನನ್ನು ತಾನೇ ಬರೆದುಕೊಳ್ಳುತ್ತದೆ.

(26 ಕಿಲೋ ಚೀಲ ಏಕೆ ಎಂದು ಮಗ ಕೇಳಿದ್ದ. 2022ರ ಜುಲೈ 18ರಿಂದ, ಮೊದಲೇ ತೂಗಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಕ್ಕೆ ಶೇ 5 ಜಿಎಸ್‌ಟಿ ಬಂತು. ಒಂದು ಕಿಲೋ ಹೆಚ್ಚು ತುಂಬಿದರೆ ತೆರಿಗೆಯಿಲ್ಲ. ಅಂದಿನಿಂದ 25ರ ಚೀಲ 26ರದಾಯಿತು. ಕಣ್ಣೆದುರು ತೂಗಿ ಕಟ್ಟಿಕೊಡುವ ಬಿಡಿ ಸಾಮಾನಿಗೂ ಈ ತೆರಿಗೆ ಇಲ್ಲ. ಸಂತೆಪೇಟೆಯ ಸಗಟು ಅಂಗಡಿಗಳಲ್ಲಿ ನಾನು ಬೇಳೆಯನ್ನು ಬಿಡಿಯಾಗಿ ಕಟ್ಟಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ, ಅಂಗೈಯಲ್ಲಿ ಹಾಕಿಕೊಂಡು ಉಜ್ಜಿ ನೋಡಬಹುದು.)

ಎಣ್ಣೆಯ ಪಟ್ಟಿ ಹೇಳಿದ ಕಥೆ ಬೇರೆ. ಮೊದಲು ಒಂದು ಪ್ಯಾಕೆಟ್ ಸೂರ್ಯಕಾಂತಿ ಎಣ್ಣೆ ಏಳು ದಿನ ಬರುತ್ತಿತ್ತು. ಅಕ್ಟೋಬರ್ ಹೊತ್ತಿಗೆ ಆರನೆಯ ದಿನ ಬೆಳಿಗ್ಗೆಯೇ ಡಬ್ಬಿ ಖಾಲಿ. ದಸರೆಯ ಬಜ್ಜಿ ಬೋಂಡ ಎಂದುಕೊಂಡೆ. ನವೆಂಬರ್‌ನಲ್ಲೂ ಹಾಗೆಯೇ ಆಯಿತು. ಕನ್ನಡಕ ಹಾಕಿಕೊಂಡು ಪ್ಯಾಕೆಟ್ ತಿರುಗಿಸಿ ನೋಡಿದರೆ 750 ಗ್ರಾಂ ಎಂದಿತ್ತು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಖಾದ್ಯ ತೈಲದ ಆಮದು ಸುಂಕ ಏರಿಸಿತ್ತು, ಕಚ್ಚಾ ಎಣ್ಣೆಗೆ ಶೇ 5.5 ಇದ್ದದ್ದು ಶೇ 27.5ಕ್ಕೆ. ಎಣ್ಣೆ ತುಟ್ಟಿಯಾಯಿತು ಎಂದು ಅಂಗಡಿಯಲ್ಲಿ ಕಡಿಮೆ ಬೆಲೆಯ ಪ್ಯಾಕೆಟ್ ಕೇಳಿದ್ದು ನಾನೇ. ಅವರು ಕೊಟ್ಟದ್ದು ಬೆಲೆಯೂ ಕಡಿಮೆ, ಎಣ್ಣೆಯೂ ಕಡಿಮೆ ಇದ್ದ ಪ್ಯಾಕೆಟ್ಟು. ನೋಡಲು ಎರಡೂ ಒಂದೇ ಅಳತೆ. ಒಂದು ಲೀಟರು ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಲೀಟರಿನದಕ್ಕೆ 145 ಕೊಡುವಾಗ ಕಿಲೋಗೆ 159 ಬೀಳುತ್ತಿತ್ತು, 128ರ ಈ ಪ್ಯಾಕೆಟ್ಟಿನಲ್ಲಿ ಕಿಲೋಗೆ 171. ಅಗ್ಗವೆಂದು ತಂದದ್ದೇ ತುಟ್ಟಿ. ಪೊಟ್ಟಣದ ಮೇಲೆ ಗರಿಷ್ಠ ಬೆಲೆಯ ಪಕ್ಕದಲ್ಲಿ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟು ಎಂದೂ ಮುದ್ರಿಸಬೇಕೆಂಬ ನಿಯಮವಿದೆ. ಸಣ್ಣ ಅಕ್ಷರ, ಆದರೆ ಅಲ್ಲಿ ಇರುತ್ತದೆ. ಬಿಸ್ಕತ್ತು, ಸೋಪು, ಟೂತ್‌ಪೇಸ್ಟು ಯಾವುದನ್ನೇ ಆಗಲಿ ಈಗ ಆ ಅಂಕಿ ನೋಡದೆ ಬುಟ್ಟಿಗೆ ಹಾಕುವುದಿಲ್ಲ. ಮಗಳಿಗೆ ಇದು ಆಟವಾಗಿದೆ, ದೊಡ್ಡ ಪೊಟ್ಟಣವೇ ತುಟ್ಟಿ ಬೀಳುವುದನ್ನು ಹಿಡಿದರೆ ಅವಳಿಗೆ ಎಲ್ಲಿಲ್ಲದ ಹಿಗ್ಗು.

ತಾರೀಖಿನ ಪಟ್ಟಿಗಳು ಕೈಗೆ ಬಂದ ಮೇಲೆ ಚೀಟಿ ಬರೆಯುವ ರೀತಿ ತಲೆಕೆಳಗಾಯಿತು. ಈಗ ಅಂಗಡಿಗೆ ಹೋಗುವ ಮುನ್ನ ಡಬ್ಬಿಗಳ ಮುಂದೆ ನಿಲ್ಲುತ್ತೇನೆ. ತೊಗರಿಬೇಳೆ ದಿನಕ್ಕೆ 115 ಗ್ರಾಮಿನಂತೆ ಇಳಿಯುತ್ತದೆ, ಡಬ್ಬಿಯಲ್ಲಿ ಕಾಲು ಉಳಿದಿದೆ, ಈ ತಿಂಗಳಿಗೆ ಎರಡೂವರೆ ಕಿಲೋ ತಂದರೆ ಸಾಕು. ಇಷ್ಟರಿಂದಲೇ 6,210ರ ಚೀಟಿ 5,400ಕ್ಕೆ ಬಂತು. ಯಾರ ತಟ್ಟೆಯಿಂದಲೂ ಒಂದು ತುತ್ತು ಕಡಿಮೆಯಾಗಲಿಲ್ಲ.

ಆದರೆ ಮಾರ್ಚ್ ಬಂದು ಮತ್ತೆ ಕಾಲು ಜಾರಿಸಿತು. ನಮ್ಮಲ್ಲಿ ಬೇಸಿಗೆ ಮೊದಲಲ್ಲಿ ವರ್ಷದ ಸಾಮಾನು ಮಾಡುವ ರೂಢಿ. ಬ್ಯಾಡಗಿ ಮೆಣಸಿನಕಾಯಿ ಹೊಸದು ಬರುವುದು ಆಗ, ಹುಣಸೆಹಣ್ಣು ಹೊಸದು ಬರುವುದೂ ಆಗ. ಮೆಣಸಿನಕಾಯಿ ನಾಲ್ಕು ಕಿಲೋ, ಕೊತ್ತಂಬರಿ ಬೀಜ ನಾಲ್ಕು ಕಿಲೋ, ಬೀಜ ತೆಗೆದ ಹುಣಸೆ ಐದು ಕಿಲೋ, ಮೆಣಸು, ಜೀರಿಗೆ, ಮೆಂತ್ಯ, ಇಷ್ಟನ್ನೂ ತಂದು, ಮಹಡಿಯ ಮೇಲೆ ಹಳೆಯ ಸೀರೆ ಹಾಸಿ ಮೂರು ದಿನ ಒಣಗಿಸಿ, ಮಿಲ್ಲಿಗೆ ಹಾಕಿಸಿ ಸಾರಿನ ಪುಡಿ, ಹುಳಿ ಪುಡಿ ಮಾಡಿಟ್ಟರೆ ಮುಂದಿನ ಮಾರ್ಚ್‌ವರೆಗೆ ಯೋಚನೆಯಿಲ್ಲ. ಮಿಲ್ಲಿನ ಕೂಲಿಯೂ ಸೇರಿ 2025ರಲ್ಲಿ 3,200 ಆಯಿತು. ಪೇಟೆಯ ನೂರು ಗ್ರಾಂ ಪೊಟ್ಟಣಗಳಲ್ಲಿ ಅಷ್ಟೇ ಪುಡಿ ಕೊಂಡರೆ ಇದರ ಎರಡು ಪಟ್ಟಿಗೂ ಮೇಲಾಗುತ್ತದೆ, ಹಾಗಾಗಿ ಇದು ಉಳಿತಾಯವೇ. ಆದರೂ ಆ ತಿಂಗಳ ಪುಟದಲ್ಲಿ ಅದು ದಂಡದಂತೆ ಕಂಡಿತು, ಆ ಸಲದ ಯುಗಾದಿಯೂ ಮಾರ್ಚ್ 30ಕ್ಕೆ ಬಿದ್ದು ಪುಟ ಹರಿದೇ ಹೋಯಿತು.

ಅಲ್ಲಿಯವರೆಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಗಡುವು, ತಿಂಗಳು. ಸಂಬಳ ತಿಂಗಳಿಗೊಮ್ಮೆ ಬರುತ್ತದೆಂದು ಹೊಟ್ಟೆಯೂ ತಿಂಗಳಿಗೊಮ್ಮೆ ತಿರುಗುತ್ತದೆಯೇ? ಹಾಲು ದಿನದ್ದು, ತರಕಾರಿ ವಾರದ್ದು, ಅಕ್ಕಿ 37 ದಿನದ್ದು, ಹುಣಸೆ ವರ್ಷದ್ದು. ಸಂಘದಲ್ಲಿ ವಾರ್ಷಿಕ ವಿಮೆಯ ಕಂತಿಗೆ ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಮೀಸಲು ತೆಗೆದಿಡುವುದು ನನಗೆ ಉಸಿರಾಟದಷ್ಟು ಸಹಜ. ಮನೆಗೆ ಅದು ಹೊಳೆಯಲು ಒಂದು ವರ್ಷ ಬೇಕಾಯಿತು. ವರಮಹಾಲಕ್ಷ್ಮಿ, ಗೌರಿ ಗಣೇಶ, ಮಹಾಲಯ, ದಸರೆ, ದೀಪಾವಳಿ, ಸಂಕ್ರಾಂತಿಯ ಎಳ್ಳು ಬೆಲ್ಲ, ಯುಗಾದಿ, ಇವುಗಳಿಗೆ ಹೋದ ಹೆಚ್ಚುವರಿ ಖರ್ಚನ್ನು ಹಿಂದಿನ ಪುಟಗಳಿಂದ ಹೆಕ್ಕಿ ಕೂಡಿದೆ. ಪುಡಿಗಳ 3,200, ನೆಂಟರು ಬಂದ ವಾರಗಳದ್ದು ಸೇರಿ ವರ್ಷಕ್ಕೆ ಹತ್ತಿರ ಹತ್ತಿರ 12,000. ಅಂದರೆ ತಿಂಗಳಿಗೆ 1,000. ಅದನ್ನು ಸಂಬಳದ ದಿನವೇ ಬೇರೆ ಖಾತೆಗೆ ಹಾಕುತ್ತೇನೆ. ಮನೆಯಲ್ಲಿ ಅದರ ಹೆಸರು ಹಬ್ಬದ ಡಬ್ಬಿ. ಮಟನ್ನು ಕೂಡ ಪ್ರತಿ ತಿಂಗಳಿನದಲ್ಲ, ಅದು ಈಗ ಹಬ್ಬದ ಡಬ್ಬಿಯದು. ಈ ಒಂದು ತೀರ್ಮಾನಕ್ಕೆ ಮಾತ್ರ ಮನೆಯಲ್ಲಿ ದೊಡ್ಡ ಗಲಾಟೆ ನಡೆಯಿತು, ಆ ವಿವರ ಬೇಡ.

ಹೀಗೆ 2025ರ ಏಪ್ರಿಲ್‌ಗೆ ನಿಂತ ಅಂಕಿ: ದಿನಸಿ 5,400, ಹಾಲು ಮೊಸರು 2,500, ತರಕಾರಿ ಹಣ್ಣು 3,000, ಮೊಟ್ಟೆ ಕೋಳಿ 1,100, "ಇತರೆ" 1,500. ಒಟ್ಟು 13,500. ಹಬ್ಬದ ಡಬ್ಬಿ ಸೇರಿ 14,500.

"ಇತರೆ"ಯನ್ನು ಸೊನ್ನೆಗೆ ಇಳಿಸುವ ಹುಚ್ಚು ಜುಲೈನ ಪಾಠದಿಂದ ಬಿಟ್ಟಿತ್ತು. ಸಂಜೆ ಐದೂವರೆಗೆ ಹಸಿದು ಬರುವವರಿಗೆ ಮನೆಯಲ್ಲಿ ಏನಾದರೂ ಇರಬೇಕು. ಭಾನುವಾರ ಸಂಜೆ ಒಂದು ಗಂಟೆ ಕೂತು ಚುರುಮುರಿಗೆ ಒಗ್ಗರಣೆ ಹಾಕಿ ಡಬ್ಬಿ ತುಂಬಿಸುತ್ತೇವೆ. ಕಡಲೆಕಾಯಿ ಹುರಿದಿಡುತ್ತೇವೆ. ಒಮ್ಮೆ ಕೋಡುಬಳೆ, ಒಮ್ಮೆ ಅವಲಕ್ಕಿ. ಅದು ಬುಧವಾರ ಗುರುವಾರದ ತನಕ ಬರುತ್ತದೆ, ಆಮೇಲಿನ ಎರಡು ದಿನ ಬೇಕರಿ. ಹತ್ತು ನಿಮಿಷದ ತರಿಸಾಟವನ್ನೂ ನಿಷೇಧಿಸಲಿಲ್ಲ. ಅಲ್ಲಿ ನಮ್ಮನ್ನು ಕೆಡಿಸುತ್ತಿದ್ದದ್ದು ಸಾಮಾನಿನ ಬೆಲೆಗಿಂತ, ಸಾಗಣೆ ಶುಲ್ಕ ತಪ್ಪಿಸಿಕೊಳ್ಳುವ ಆಸೆ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆಂದು ತೆರೆದು, ಇನ್ನೂರು ಮುಟ್ಟಿಸಲು ಚಾಕೊಲೇಟು, ಚಿಪ್ಸು ಸೇರಿಸುತ್ತಿದ್ದರು. ಈಗ ನಿಯಮ ಒಂದೇ: ಶುಲ್ಕ ಕೊಟ್ಟಾದರೂ ಸರಿ, ಬೇಕಾದ ಒಂದನ್ನಷ್ಟೇ ತರಿಸಬೇಕು. ಕೊತ್ತಂಬರಿ ಸೊಪ್ಪಿಗೆ ಮೂವತ್ತು ರೂಪಾಯಿ ಶುಲ್ಕ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ತರಿಸುವುದು ತಾನಾಗಿ ಕಡಿಮೆಯಾಯಿತು.

ತರಕಾರಿಯ ವಿಷಯದಲ್ಲಿ ನಾನು ಕಲಿತದ್ದು, ಹೆಸರು ಬರೆದುಕೊಂಡು ಮಾರುಕಟ್ಟೆಗೆ ಹೋಗಬಾರದು. "ಬೀನ್ಸ್ ಅರ್ಧ ಕಿಲೋ" ಎಂದು ಚೀಟಿಯಲ್ಲಿದ್ದರೆ ಬೀನ್ಸ್ ನೂರು ರೂಪಾಯಿಯಾದರೂ ಕೈ ಅದಕ್ಕೇ ಹೋಗುತ್ತದೆ. ನನ್ನ ಚೀಟಿಯಲ್ಲಿ ಈಗ ಕೆಲಸ ಮಾತ್ರ ಇರುತ್ತದೆ: ಹುಳಿಗೆ ಮೂರು, ಪಲ್ಯಕ್ಕೆ ಮೂರು, ಸೊಪ್ಪು ನಾಲ್ಕು ಕಟ್ಟು, ಗೊಜ್ಜಿಗೆ ಒಂದು, ಹಸಿಯಾಗಿ ತಿನ್ನಲು ಎರಡು. ಎಂ.ಜಿ. ರಸ್ತೆಯ ಮಾರುಕಟ್ಟೆಯಲ್ಲಿ ಮೊದಲು ಕೈಬೀಸಿಕೊಂಡು ಒಂದು ಸುತ್ತು ಬರುತ್ತೇನೆ. ಯಾವುದು ರಾಶಿ ಬಿದ್ದಿದೆಯೋ ಅದೇ ಆ ವಾರ ಅಗ್ಗ, ಅದೇ ತಾಜಾ. ಡಿಸೆಂಬರ್ ಜನವರಿಯಲ್ಲಿ ಅವರೆಕಾಯಿ ಇಡೀ ಮನೆಯನ್ನು ಆಳುತ್ತದೆ, ಸಾರಿಗೂ ಅದೇ, ಉಪ್ಪಿಟ್ಟಿಗೂ ಅದೇ, ಹಿದಕವರೆ ಬಿಡಿಸುವಾಗ ಟಿವಿ ಮುಂದೆ ಎಲ್ಲರ ಕೈಗೂ ಕೆಲಸ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿ, ಕೋಲಾರದ ಮಾರುಕಟ್ಟೆ ದಿನವೂ ಸುದ್ದಿಯಾಗಿದ್ದಾಗ, ನಾನು ಅಳುಮುಖ ಮಾಡಿಕೊಂಡು ಅರ್ಧ ಕಿಲೋ ಕೊಂಡಿದ್ದೆ. ಅತ್ತೆ ಆಗ, "ಟೊಮೆಟೊ ಇಲ್ಲದೆ ಸಾರು ಮಾಡುವುದು ಮರೆತೇ ಹೋಯಿತೇನಮ್ಮಾ?" ಎಂದಿದ್ದರು. ಹುಣಸೆಹಣ್ಣು ಡಬ್ಬಿಯ ತುಂಬ ಇತ್ತು.

ಹಣ್ಣಿಗೆ ಮಾತ್ರ ಚೌಕಾಸಿ ಬಿಟ್ಟಿದ್ದೇನೆ. ಸೀಬೆ, ಪಪಾಯಿ, ಬಾಳೆ ಸದಾ ಇರಬೇಕು. ಸೇಬು ಎಂಬುದು ಆಸ್ಪತ್ರೆಗೆ ಹೋಗುವಾಗ ಕೊಳ್ಳುವ ಹಣ್ಣು ಎಂಬುದು ನನ್ನ ಅಭಿಪ್ರಾಯ.

ಲೆಕ್ಕವನ್ನು ಎಷ್ಟೇ ಬಿಗಿಯಾಗಿ ಕಟ್ಟಿದರೂ ಹೊರಗಿನ ಗಾಳಿ ಬೀಸಿಯೇ ಬೀಸುತ್ತದೆ. ನಂದಿನಿ ಹಾಲಿಗೆ 2024ರ ಜೂನ್‌ನಲ್ಲಿ 50 ಮಿಲಿ ಹೆಚ್ಚು ತುಂಬಿ ಎರಡು ರೂಪಾಯಿ ಏರಿಸಿದ್ದರು. 2025ರ ಏಪ್ರಿಲ್ 1ರಿಂದ ಆ ಹೆಚ್ಚುವರಿ ಹಾಲನ್ನು ಹಿಂತೆಗೆದುಕೊಂಡು ಲೀಟರಿಗೆ ನಾಲ್ಕು ರೂಪಾಯಿ ಏರಿಸಿದರು. ದಿನಕ್ಕೆ ಒಂದೂವರೆ ಲೀಟರು ಕೊಳ್ಳುವ ನಮಗೆ ಅದು ತಿಂಗಳಿಗೆ 180. ಅದೇ ವರ್ಷ ಕಾಫಿ ಪುಡಿಯೂ ತೆಂಗಿನಕಾಯಿಯೂ ಒಟ್ಟಿಗೆ ಏರಿದವು. ನಾನು ಕೊಳ್ಳುತ್ತಿದ್ದ, ಚಿಕೋರಿ ಬೆರೆಸಿದ ಪುಡಿ ಕಿಲೋಗೆ 560 ಇದ್ದದ್ದು 800 ದಾಟಿತು. ಕಾಫಿಯಲ್ಲಿ ನಾವು ಒಂದು ಹನಿಯನ್ನೂ ಬಿಡಲಿಲ್ಲ. ಬದಲಿಗೆ ಕಾಯಿಯಲ್ಲಿ ಬಿಟ್ಟೆವು. ದಿನಕ್ಕೊಂದು ಹೋಳು ಚಟ್ನಿಗೆ ಹೋಗುತ್ತಿದ್ದ ಕಡೆ ವಾರದಲ್ಲಿ ಮೂರು ದಿನ ಹುರಿಗಡಲೆ, ಕಡಲೆಕಾಯಿಬೀಜದ ಚಟ್ನಿ. ತೊಗರಿಬೇಳೆ ಮಾತ್ರ ನಮ್ಮ ಪರವಾಗಿ ನಿಂತಿತು. 2024ರ ನಡುವಿನಲ್ಲಿ 180 ಕೊಟ್ಟು ತಂದಿದ್ದ ಬೇಳೆಯನ್ನು ಮರುವರ್ಷ 120ರ ಆಸುಪಾಸಿಗೆ ತಂದೆ. ಕಲಬುರಗಿ ಕಡೆಯ ಹೊಸ ಬೆಳೆ ಬಂದಿಳಿದ ಮೇಲೆ, ಚಳಿಗಾಲದ ಕೊನೆಗೆ, ಮೂರು ತಿಂಗಳಿಗಾಗುವಷ್ಟು ಬಿಡಿಯಾಗಿ ಕೊಂಡು ಬಿಸಿಲಿಗೆ ಹಾಕಿ ಇಡುವುದನ್ನು ಅಂದಿನಿಂದ ರೂಢಿ ಮಾಡಿಕೊಂಡೆ. ದಾಸ್ತಾನು ಮಾಡಬಾರದು ಎಂದು ರವೆ ಕಲಿಸಿತ್ತು, ಆದರೆ ದಿನಕ್ಕೆ 115 ಗ್ರಾಂ ಇಳಿಯುತ್ತದೆಂದು ಗೊತ್ತಿರುವ ಬೇಳೆ ರವೆಯಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆಯ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಾಗಲೂ ಸ್ವಲ್ಪ ಉಸಿರು ಬಂತು.

ಪುಸ್ತಕದ ಪ್ರಕಾರ 2025ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಒಂಬತ್ತು ತಿಂಗಳಲ್ಲಿ ಏಳು ತಿಂಗಳು 13,500ರ ಒಳಗೆ ಇದ್ದೇವೆ. ಮೇ ತಿಂಗಳನ್ನು ಮಾವಿನಹಣ್ಣು ಮುರಿಯಿತು, ಅದನ್ನು ಮುರಿಯಲು ಬಿಟ್ಟದ್ದೂ ನಾನೇ. ಅಕ್ಟೋಬರ್‌ನಲ್ಲಿ ಎಲ್ಲರಿಗೂ ಜ್ವರ ಬಂದು ವಾರಪೂರ್ತಿ ಅಡುಗೆಯೇ ಸರಿಯಾಗಿ ನಡೆಯಲಿಲ್ಲ, ಹೊರಗಿನಿಂದಲೇ ಬಂತು.

ಏಳು ತಿಂಗಳು ಎಂದು ಹೇಳಿಕೊಳ್ಳುವ ಮುನ್ನ ಒಂದು ಮಾತು ಒಪ್ಪಿಕೊಳ್ಳಬೇಕು. ಆಗಸ್ಟ್ ಕೊನೆಗೆ ಮಗ ಎಂಜಿನಿಯರಿಂಗ್ ಓದಲು ಹಾಸನಕ್ಕೆ ಹೋದ, ಹಾಸ್ಟೆಲಿನಲ್ಲಿದ್ದಾನೆ. ಸೆಪ್ಟೆಂಬರ್‌ನಿಂದ ಮನೆಯಲ್ಲಿ ಉಣ್ಣುವವರು ನಾಲ್ವರು. ಅಂದರೆ ಆ ಏಳರಲ್ಲಿ ಮೂರು ತಿಂಗಳ ಗೆಲುವು ನನ್ನದಲ್ಲ. ಅವನ ಮೆಸ್ಸಿನ ಬಿಲ್ಲು ಶಾಲೆ ಕಾಲೇಜಿನ ಶುಲ್ಕದ ಪುಟದಲ್ಲಿ ಕೂತಿದೆ. ಮತ್ತದೇ ಖಾತೆ ಬದಲಾವಣೆ. 2026ರ ಜನವರಿಯಿಂದ ಅದನ್ನು ಅಡುಗೆಮನೆಯ ಪುಟಕ್ಕೇ ತಂದು ಬರೆಯುತ್ತಿದ್ದೇನೆ, 14,500 ಸಾಲುವುದಿಲ್ಲ, ಹೊಸ ಅಂಕಿ ಇನ್ನೂ ಕೂತಿಲ್ಲ.

ಅತ್ತೆ ಇಂದಿಗೂ ಬೆಳಿಗ್ಗೆ ಅಕ್ಕಿ ಅಳೆಯುವುದು ಅದೇ ಪಾವಿನಲ್ಲಿ. ಮಗ ಹೋದ ಮೊದಲ ಹದಿನೈದು ದಿನ ಮೂರು ಪಾವೇ ಹಾಕುತ್ತಿದ್ದರು, ಉಳಿದ ಅನ್ನ ಮರುದಿನ ಚಿತ್ರಾನ್ನವಾಗುತ್ತಿತ್ತು. ನಾನು ನೋಡಿಯೂ ಏನೂ ಹೇಳಲಿಲ್ಲ. ಈಗ ಎರಡೂವರೆ ಹಾಕುತ್ತಾರೆ. ಹಿಂದಿನ ಸಲ ಚೀಲದ ಪಟ್ಟಿ ಕಿತ್ತು ಎಣಿಸಿದಾಗ 44 ದಿನ ಬಂದಿತ್ತು. ಪುಸ್ತಕಕ್ಕೆ ಅಂಟಿಸುವಾಗ ಅವರು ಪಕ್ಕದಲ್ಲೇ ಕೂತಿದ್ದರು. "ಈ ಸಲ ಸಂಕ್ರಾಂತಿಗೆ ಅವನು ಬಂದಾಗ ಎಷ್ಟು ದಿನ ಇರುತ್ತಾನಂತೆ?" ಎಂದು ಕೇಳಿದರು. ನಾಲ್ಕು ದಿನ ಎಂದೆ. "ಹಾಗಾದರೆ ಹೊಸ ಚೀಲವನ್ನು ನಲವತ್ತಮೂರು ಎಂದು ಹಿಡಿದುಕೋ" ಎಂದರು.